ಸತ್ತವು ಎಂದು ನಾನು ಹೇಳಿದ ಆರು ಸಸಿಗಳು

ಟೊಮ್ಯಾಟೊ ಹೂವಿನ ಗಂಡಸುತನ ತೆಗೆಯುವ ಕೆಲಸ ಸಂಜೆ ನಾಲ್ಕರ ನಂತರದ್ದು. ಮರುದಿನ ಅರಳಲಿರುವ ಮೊಗ್ಗನ್ನು ಎಡಗೈಯ ಎರಡು ಬೆರಳುಗಳ ನಡುವೆ ಹಿಡಿದು, ಬಲಗೈಯ ಚಿಮಟದಿಂದ ಹಳದಿ ಕೇಸರಗಳ ಕೊಳವೆಯನ್ನು ಒಂದೇ ಸಲಕ್ಕೆ ಎಳೆದು ತೆಗೆಯಬೇಕು. ಒಳಗಿನ ಹೆಣ್ಣು ಕಡ್ಡಿಗೆ ಉಗುರೂ ತಾಕಬಾರದು. ಮರುದಿನ ಬೆಳಿಗ್ಗೆ ಗಂಡು ಗಿಡದ ಪರಾಗವನ್ನು ಆ ಕಡ್ಡಿಯ ತುದಿಗೆ ಮುಟ್ಟಿಸಿ, ಗುರುತಿಗಾಗಿ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಚಿವುಟಬೇಕು. ಹಾಗೆ ಗುರುತು ಮಾಡಿದ ಹಣ್ಣಿನ ಬೀಜವೇ ಹೈಬ್ರಿಡ್ ಬೀಜ, ಉಳಿದದ್ದು ಬರೀ ಟೊಮ್ಯಾಟೊ. ರಾಣೆಬೆನ್ನೂರು ತಾಲ್ಲೂಕಿನ ಹೊಲಗಳಲ್ಲಿ ಇದಕ್ಕೆ ಕ್ರಾಸಿಂಗ್ ಎಂದೇ ಹೆಸರು. ಐರಣಿಯ ಹೆಣ್ಣುಮಕ್ಕಳು ಈ ಕೆಲಸ ಮಾಡುತ್ತ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವರ ಗಂಡಂದಿರು ಆ ಹೊತ್ತಿಗೆ ಹೊಲದ ಕಡೆ ಸುಳಿಯುತ್ತಲೇ ಇರಲಿಲ್ಲ.

ಇದು ತೊಂಬತ್ತರ ದಶಕದ ಆರಂಭದ ಮಾತು. ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ನಾನು ಹೊಲಗಳ ಮೇಲ್ವಿಚಾರಕಿ. ಹಾಲೆಂಡಿನ ಕಂಪನಿಯೊಂದು ಗಂಡು ತಳಿಯ ಬೀಜ, ಹೆಣ್ಣು ತಳಿಯ ಬೀಜಗಳನ್ನು ಬೇರೆ ಬೇರೆ ಪಾಕೀಟಿನಲ್ಲಿ ಎಣಿಸಿ ಕಳಿಸುತ್ತಿತ್ತು. ಪಾಕೀಟಿನ ಮೇಲೆ ಹೆಸರಿಲ್ಲ, ಬರೀ ಅಂಕಿ. ನಾವು ಅದನ್ನು ಐರಣಿಯ ಹೊಲಗಳಲ್ಲಿ ಬೆಳೆಸಿ, ಕ್ರಾಸಿಂಗ್ ಮಾಡಿಸಿ, ಹುಟ್ಟಿದ ಹೈಬ್ರಿಡ್ ಬೀಜವನ್ನು ಹಾಲೆಂಡಿಗೆ ಕಳಿಸಬೇಕು. ಒಪ್ಪಂದದಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು. ಈ ಎರಡು ತಳಿಗಳ ಬೀಜವಾಗಲಿ, ಸಸಿಯಾಗಲಿ ಹೊಲದಿಂದ ಆಚೆ ಹೋಗಕೂಡದು, ಹೋದರೆ ಆ ಬೆಳೆಗಾರರಿಗೆ ಮುಂದೆ ಬೀಜ ಕೊಡಲಾಗದು. ಎರಡೂ ತಳಿ ಕೈಗೆ ಸಿಕ್ಕರೆ ಯಾರು ಬೇಕಾದರೂ ಅದೇ ಹೈಬ್ರಿಡ್ ಮಾಡಿಕೊಳ್ಳಬಹುದಲ್ಲ, ಅದಕ್ಕೇ ಆ ಸಾಲು.

ಪರದೇಶದವರು ಹೊಲ ನೋಡಲು ಬಂದಾಗ ದುಭಾಷಿಯೂ ನಾನೇ. ಅದು ನನಗೆ ಹುಟ್ಟಿನಿಂದ ಅಂಟಿಕೊಂಡ ಚಾಕರಿ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಅಪ್ಪನ ಅಮ್ಮ, ನಮ್ಮ ದಾದಿಮಾಗೆ ಕನ್ನಡ ಅಷ್ಟಕ್ಕಷ್ಟೇ, ಬಾಜೂಮನೆಯ ಅಜ್ಜಿಗೆ ಉರ್ದು ಬಾರದು, ಆದರೂ ಇಬ್ಬರಿಗೂ ದಿನಕ್ಕೊಮ್ಮೆ ಜಗಳವಾಡದಿದ್ದರೆ ಊಟ ಸೇರದು. ನಡುವೆ ನಿಂತು ಮಾತು ದಾಟಿಸುತ್ತಿದ್ದವಳು ನಾನು. ದಾಟಿಸುವಾಗ ಮುಳ್ಳು ತೆಗೆದು ದಾಟಿಸುತ್ತಿದ್ದೆ. ಓಣಿಯವರೆಲ್ಲ ಜಾಣೆ ಎಂದು ಹೊಗಳಿದರು, ನಾನು ಅದನ್ನು ನಂಬಿದೆ, ಅದೇ ಜಾಣತನವನ್ನು ಕೆಲಸಕ್ಕೂ ತಂದೆ. ಬಂದವರು “ಈ ಹೊಲ ಕೊಳಕಾಗಿದೆ” ಎಂದರೆ ನಾನು “ಇನ್ನೊಂಚೂರು ಕಸಾ ತಗದ್ರ ಚಲೋ ಅಂತಾರ” ಎನ್ನುತ್ತಿದ್ದೆ. ಹೊಲದವರು “ಇವನ ಕಣ್ಣಾಗ ಮಣ್ಣ ಬಿದ್ದೈತೇನು?” ಎಂದರೆ “ನಿಮ್ಮ ಸಲಹೆಗೆ ಧನ್ಯವಾದ ಹೇಳುತ್ತಿದ್ದಾರೆ” ಎಂದು ಇಂಗ್ಲಿಷಿಗೆ ತರುತ್ತಿದ್ದೆ. ಎಲ್ಲರೂ ನಗುತ್ತ ಚಹಾ ಕುಡಿದು ಹೋಗುತ್ತಿದ್ದರು.

ಆ ವರ್ಷ ಜನವರಿಯ ಮೊದಲ ವಾರ ಬಂದವರು ಬೇರೆ ತರಹದವರು. ನಾವು ಬೆಳೆಸುತ್ತಿದ್ದ ಗಂಡು ತಳಿಯನ್ನು ಒಂಬತ್ತು ವರ್ಷ ಕೂತು ತಯಾರಿಸಿದ್ದ ತಜ್ಞರೇ ಅವರು. ವಯಸ್ಸು ಅರವತ್ತರ ಹತ್ತಿರ, ಎತ್ತರ ನಮ್ಮ ಕಚೇರಿಯ ಬಾಗಿಲಿಗಿಂತ ತುಸು ಹೆಚ್ಚು. ಐರಣಿಯ ಹೆಣ್ಣುಮಕ್ಕಳು ಮೊದಲ ದಿನವೇ ಅವರಿಗೆ ಉದ್ದಪ್ಪ ಎಂದು ಹೆಸರಿಟ್ಟರು. ನಾನೂ ಹಾಗೆಯೇ ಕರೆಯುತ್ತೇನೆ, ಗೊತ್ತಾದರೆ ಅವರೇನೂ ಬೇಸರ ಮಾಡಿಕೊಳ್ಳುವವರಲ್ಲ. ಉಳಿದವರು ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಇವರು ಸಾಲಿನ ನಡುವೆ ಮೊಳಕಾಲೂರಿ ನೋಡುತ್ತಿದ್ದರು. ಹೇಳುವುದಿದ್ದರೆ ನಾಲ್ಕೇ ಶಬ್ದದಲ್ಲಿ ಹೇಳುತ್ತಿದ್ದರು, ಆ ನಾಲ್ಕರಲ್ಲಿ ಒಂದೂ ಮೆತ್ತಗಿನದಲ್ಲ.

ಐರಣಿಯಲ್ಲಿ ನಮ್ಮ ಬೆಳೆಗಾರರು ಹನ್ನೊಂದು ಜನ. ಎಲ್ಲರನ್ನೂ ಈ ಕೆಲಸಕ್ಕೆ ತಂದವಳು ಊರೆಲ್ಲ ದೊಡ್ಡವ್ವ ಎಂದು ಕರೆಯುವ ಹೆಂಗಸು. ಮೊದಲ ವರ್ಷ ಯಾರೂ ನಂಬದಿದ್ದಾಗ ತನ್ನ ಅರ್ಧ ಎಕರೆ ಕೊಟ್ಟು ಬೆಳೆಸಿ ತೋರಿಸಿದ್ದಳು. ಆಕೆಯ ಹೊಲದ ಬೀಜ ಹಾಲೆಂಡಿನ ಪರೀಕ್ಷೆಯಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಅಕ್ಷರ ಬಾರದಿದ್ದರೂ ನೂರು ಹೂವಿನಲ್ಲಿ ಕೇಸರ ಉಳಿದ ಒಂದು ಹೂವನ್ನು ದೂರದಿಂದಲೇ ತೋರಿಸುತ್ತಿದ್ದಳು. ಬೀಜದ ದೊಡ್ಡವ್ವ ಎಂದು ನಾಲ್ಕೂರಿನವರು ಕರೆಯುವುದು ಆಕೆಗೆ ಬಹಳ ಇಷ್ಟ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ನನಗೆ ಆಕೆಯ ಮೇಲೆ ಮಗಳಿಗಿರುವಷ್ಟು ಪ್ರೀತಿ, ಸೊಸೆಗಿರುವಷ್ಟು ಹೆದರಿಕೆ.

ಬೆಳಿಗ್ಗೆ ಪರಾಗ ಮುಟ್ಟಿಸುವ ಕೆಲಸ ಶುರುವಾಗುವ ಮೊದಲೇ ಉದ್ದಪ್ಪ ಆಕೆಯ ಹೊಲದ ಗಂಡು ಗಿಡಗಳನ್ನು ಬೆರಳಿಟ್ಟು ತಾವೇ ಎಣಿಸಿದರು. ನನ್ನ ರಿಜಿಸ್ಟರಿನಲ್ಲಿ ನೂರಾ ಇಪ್ಪತ್ತು, ಹೊಲದಲ್ಲಿ ನೂರಾ ಹದಿನಾಲ್ಕು. ಇನ್ನೊಮ್ಮೆ ಎಣಿಸಿದರು. ಆಮೇಲೆ ನನ್ನತ್ತ ತಿರುಗಿ “ಆರು ಎಲ್ಲಿ?” ಎಂದರು.

ಹೊಣೆ ನನ್ನದೇ. ಬೀಜ ಮೊಳೆತಾಗ ಸಸಿಮಡಿಯಲ್ಲಿ ನೂರಾ ಇಪ್ಪತ್ತು ಎಣಿಸಿ ಬರೆದಿದ್ದೆ. ನಾಟಿಯ ದಿನ ಮತ್ತೆ ಎಣಿಸಬೇಕಿತ್ತು. ಎಣಿಸದೆ ಹಳೆಯ ಅಂಕಿಯನ್ನೇ ಇಳಿಸಿ ಬರೆದಿದ್ದೆ. ಗಾಬರಿಯಲ್ಲಿ ದೊಡ್ಡವ್ವನನ್ನು ಕೇಳಿದೆ. ಆಕೆ ಒಂದು ಕ್ಷಣವೂ ತಡವರಿಸಲಿಲ್ಲ.

“ಆರು ಅಗಿ ಮಗಳ ಉಡಿಗಿ ಹಾಕೇನ್ವಾ, ಕುಬಸದ ದಿನಾ. ಹ್ವಾದ ವರ್ಷ ಸಂಕ್ರಮಣಕ್ಕ ಬಂದಾಗ ಈ ಗಂಡ ಗಿಡದ ಹುಳಿ ಹಣ್ಣ ತಿಂದಿದ್ಲು. ಈಗ ಬಸರಾಗಿ ಅದ ಬೇಕಂತ ಹಟಾ ಹಿಡದ್ಲು. ಬ್ಯಾಡಗ್ಯಾಗ ಹಿತ್ತಲದಾಗ ಹಚ್ಯಾಳ. ಹೇಳು ಅವಗ.”

ಅಗಿಯೆಂದರೆ ಸಸಿ, ಕುಬಸವೆಂದರೆ ಚೊಚ್ಚಲ ಬಸುರಿಗೆ ಐದನೆಯ ತಿಂಗಳಲ್ಲಿ ತವರಿನವರು ಹಸಿರು ರವಿಕೆ ತೊಡಿಸಿ, ಸೆರಗೊಡ್ಡಿಸಿ ಅಕ್ಕಿ, ಕೊಬ್ಬರಿ, ಹಣ್ಣಿನಿಂದ ಉಡಿ ತುಂಬುವ ದಿನ. ಆ ಊಟಕ್ಕೆ ನಾನೂ ಹೋಗಿದ್ದೆ, ನಾಲ್ಕು ಹೋಳಿಗೆ ತಿಂದಿದ್ದೆ. ಉಡಿಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿಟ್ಟ ಸಸಿಗಳು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೊಡ್ಡವ್ವ ಅದನ್ನು ಅಡಗಿಸಿ ಕೊಟ್ಟಿರಲೂ ಇಲ್ಲ. ಸಸಿ ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿಯೇ ನಮ್ಮ ಕಡೆ ಇಲ್ಲ. ಕೇಳಿದವಳು ಬಸುರಿ ಮಗಳು ಎಂದ ಮೇಲೆ ಮುಗಿಯಿತು.

ಉದ್ದಪ್ಪ ಕಾಯುತ್ತಿದ್ದರು. ಇಂಗ್ಲಿಷಿನಲ್ಲಿ ಆ ಮಾತು ಹೇಗೆ ಕೇಳಿಸುತ್ತದೆ ಎಂದು ಯೋಚಿಸಿದೆ. ಒಂಬತ್ತು ವರ್ಷದ ಗುಟ್ಟಿನ ತಳಿ ಬ್ಯಾಡಗಿಯ ಒಂದು ಹಿತ್ತಲಿನಲ್ಲಿದೆ. ದಪ್ಪ ಅಕ್ಷರದ ಸಾಲು ನೆನಪಾಯಿತು, ದೊಡ್ಡವ್ವನ ಹೆಸರಿನ ಮೇಲೆ ಗೀಟು ಬೀಳುವುದು ಕಣ್ಣಿಗೆ ಕಟ್ಟಿತು. “ಸಣ್ಣವಿದ್ದಾಗಲೇ ಸತ್ತವಂತೆ,” ಎಂದೆ.

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವರು ನೋಟ್‌ಬುಕ್ಕು ತೆಗೆದರು. “ಬುಡ ಕಪ್ಪಾಗಿ ಬಿದ್ದವೆ, ಇಲ್ಲ ಎಲೆಯ ಅಂಚು ಒಣಗುತ್ತ ಬಂದವೆ?” ಬುಡ ಕಪ್ಪಾಗುವುದು ಭಾರೀ ರೋಗದಂತೆ ಕೇಳಿಸಿತು. ಹಗುರಾದದ್ದಿರಲಿ ಎಂದು “ಎಲೆಯ ಅಂಚು” ಎಂದುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಬುಡ ಕಪ್ಪಾಗುವುದು ಎಲ್ಲ ಸಸಿಮಡಿಗಳಲ್ಲೂ ಇರುವ ಮಾಮೂಲು ಕಾಟ. ಎಲೆಯಂಚು ಒಣಗುವುದು ಬೀಜದೊಳಗೆ ಕೂತು ದೇಶದಿಂದ ದೇಶಕ್ಕೆ ಹೋಗುವ ರೋಗದ ಲಕ್ಷಣ. ಬಿ.ಎಸ್ಸಿ.ಯಲ್ಲಿ ಆ ಪಾಠ ನಾನೂ ಓದಿದ್ದೆ, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತಿದ್ದೆ.

ಒಂದು ತಾಸಿನೊಳಗೆ ದೊಡ್ಡವ್ವನ ಹೊಲದ ಸುತ್ತ ಕೆಂಪು ಪಟ್ಟಿ ಬಿತ್ತು. ಅದೇ ಕಾಲುವೆಯ ನೀರು ಕುಡಿಯುವ ಉಳಿದ ಹತ್ತು ಹೊಲಗಳಿಗೂ ಅದೇ ಗತಿಯಾಯಿತು. ಎಲೆಗಳು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಬೇಕು, ವರದಿ ಬರಲು ಎರಡು ವಾರ. ಅಲ್ಲಿಯವರೆಗೆ ಕ್ರಾಸಿಂಗ್ ಬಂದ್. ಟೊಮ್ಯಾಟೊ ಹೂವು ಎರಡು ವಾರ ಕಾಯುವುದಿಲ್ಲ, ಆ ವರ್ಷದ ಬೆಳೆ ಅಲ್ಲಿಗೆ ಹೋದ ಹಾಗೆಯೇ.

ಸಂಜೆ ರಾಣೆಬೆನ್ನೂರಿನ ಕಚೇರಿಯಲ್ಲಿ ನಮ್ಮ ಮಾಲಕರಿಗೆ ಇದ್ದದ್ದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಖರೇ ಹೇಳಿದ್ರ ದೊಡ್ಡವ್ವನ ಹೆಸರ ಹೋಗತೈತಿ, ಕಾಯಮ್ ಹೋಗತೈತಿ. ಸುಮ್ಕಿದ್ರ ಒಂದ ಸೀಜನ್ ಹೋಗತೈತಿ. ರಿಪೋರ್ಟ್ ಬಂದ ಮ್ಯಾಲ ರೋಗಿಲ್ಲ ಅಂತ ಅವ್ರಿಗೇ ತಿಳೀತೈತಿ. ನೀ ಬಾಯಿ ಮುಚ್ಕೊಂಡಿರು.”

ಲೆಕ್ಕ ಸರಿಯಿತ್ತು. ನನಗೂ ಅದೇ ಬೇಕಿತ್ತು. ಮಾಲಕರೇ ಹೇಳಿದ ಮೇಲೆ ನನ್ನದೇನಿದೆ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಎಂಟಕ್ಕೆ ಲೂನಾದ ಮೇಲೆ ಐರಣಿಗೆ ಬಂದಾಗ ಹೆಣ್ಣುಮಕ್ಕಳೆಲ್ಲ ಚಿಮಟ ಉಡಿಯಲ್ಲಿಟ್ಟುಕೊಂಡು ಬದುವಿನ ಮೇಲೆ ಕೂತಿದ್ದರು. ಮೊನ್ನೆ ಸಂಜೆ ಕೇಸರ ತೆಗೆದಿದ್ದ ಹೂವುಗಳು ಇನ್ನೂ ಹಳದಿಯಾಗಿ ಅರಳಿಕೊಂಡೇ ಇದ್ದವು. ಆವತ್ತು ಪರಾಗ ಮುಟ್ಟಿಸದಿದ್ದರೆ ಸಂಜೆಗೆ ಉದುರುವಂಥವು. ಒಬ್ಬರ ಬಾಯಲ್ಲೂ ಪೋಲಿ ಮಾತಿಲ್ಲ. ದೊಡ್ಡವ್ವ ಎದ್ದು ಬಂದಳು.

“ಏನಂತ ಇವಂದು? ಆರು ಅಗಿ ಕೊಟ್ಟಿದ್ದು ಅವಗ ಸೇರಿಲ್ಲ ಹೌದಿಲ್ಲೊ? ನಂದೊಂದು ಹೊಲಾ ನಿಂದ್ರಸ್ಲಿ. ಮಂದೀ ಹೊಲಾ ಯಾಕ ನಿಂದ್ರಸ್ಯಾನ? ಅವ್ರೇನ ಮಾಡ್ಯಾರ ಪಾಪ?”

ತಾನು ಹೇಳಿದ ನಿಜಕ್ಕೇ ಈ ಶಿಕ್ಷೆ ಎಂದು ತಿಳಿದು ಆಕೆ ರಾತ್ರಿಯೆಲ್ಲ ಹತ್ತು ಮನೆಯವರ ಮುಖ ನೆನೆದು ಕೂತಿದ್ದಳು. ನಾನು ಆ ನಿಜವನ್ನು ದಾಟಿಸಿಯೇ ಇಲ್ಲ ಎಂಬುದು ಆಕೆಗೆ ಗೊತ್ತೇ ಇಲ್ಲ. ಮಾಲಕರ ಲೆಕ್ಕದಲ್ಲಿ ಈ ಒಂದು ಬಾಬು ಇರಲಿಲ್ಲ.

ಉದ್ದಪ್ಪ ಕಾಲುವೆಯ ಹತ್ತಿರ ಎಲೆ ಕತ್ತರಿಸುತ್ತಿದ್ದರು. ನೇರ ಹೋಗಿ ಹೇಳಿದೆ. ಸಸಿ ಸತ್ತಿಲ್ಲ, ರೋಗವಿಲ್ಲ, ಆಕೆ ನಿನ್ನೆಯೇ ನಿಜ ಹೇಳಿದ್ದಳು, ಸುಳ್ಳು ನನ್ನದು. ಅವರು ಕತ್ತರಿಯನ್ನು ಕಿಸೆಗೆ ಹಾಕಿಕೊಂಡರು. “ಇದನ್ನು ಅವಳಿಗೂ ಹೇಳು. ಅವಳ ಭಾಷೆಯಲ್ಲಿ. ನನ್ನ ಎದುರು.”

ಹೇಳಿದೆ. ದೊಡ್ಡವ್ವ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಆಕೆ ದನಿ ಏರಿಸಲೇ ಇಲ್ಲ.

“ನನ್ನ ಮಗಳ ಉಡ್ಯಾಗ ಹಾಕಿದ್ದನ್ನ ಸತ್ತಾವು ಅಂದ್ಯಾ? ಬಸರಿ ಹೆಣಮಗಳ ಉಡಿ ಅದು. ಆ ಮಾತ ನಿನ್ನ ಬಾಯಾಗ ಹೆಂಗರ ಬಂತು? ಹೋಳಿಗಿ ತಿಂದ ಬಾಯಿ.”

ನಾನು ಅತ್ತೆ. ಆಕೆಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಎರಡು ಕಡೆಯವರಿಗೂ ತಾಕಬಾರದ ಜಾಗಕ್ಕೇ ತಾಕಿಸಿದ್ದೆ. ಉದ್ದಪ್ಪನಿಗೆ ರೋಗದ ಭಯ ಹಚ್ಚಿದ್ದೆ, ಆಕೆಯ ಬಸುರಿ ಮಗಳ ಉಡಿಗೆ ಸಾವಿನ ಮಾತು ಅಂಟಿಸಿದ್ದೆ.

ಉದ್ದಪ್ಪ ಆಕೆ ಏನೆಂದಳು ಎಂದು ಕೇಳಿದರು. ಒಂದಕ್ಷರ ಬಿಡದೆ ಹೇಳಿದೆ, ಹೋಳಿಗೆಯನ್ನೂ ಬಿಡಲಿಲ್ಲ. “ಸರಿಯಾಗಿ ಹೇಳಿದಳು,” ಎಂದರು. “ಇನ್ನು ಮುಂದೆ ಹೀಗೆಯೇ. ಸೇರಿಸಬೇಡ, ತೆಗೆಯಬೇಡ. ಬೈದರೆ ಬೈಗುಳವನ್ನೇ ಕೊಡು.”

ಇದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹಂಗಾರ ಮೊದಲ ಇದನ್ನ ಕೊಡು. ಆರು ಅಗಿ ಸಲುವಾಗಿ ಹನ್ನೊಂದು ಹೊಲಾ ನಿಂದ್ರಸಾಂವಗ ಬುದ್ಧಿ ಐತೇನು?”

ಕೊಟ್ಟೆ. “ಒಪ್ಪಂದದ ಒಂದು ಸಾಲು ನೆನಪಿಡಲಾಗದವಳಿಗೆ ಇದೆಯೇ ಎಂದು ಕೇಳು,” ಎಂದರು. ಅದನ್ನೂ ಕೊಟ್ಟೆ. ದೊಡ್ಡವ್ವನ ಕಣ್ಣಿನಲ್ಲಿ ಮೊದಲ ಸಲ ಆತನ ಬಗ್ಗೆ ಮೆಚ್ಚುಗೆ ಕಂಡಿತು. ಖಡಾಖಡಿ ಮಾತಿನ ಇಬ್ಬರು ಎದುರುಬದುರು ನಿಂತಿದ್ದರು. ಆ ಇಡೀ ಹೊಲದಲ್ಲಿ ಮೆತ್ತಗಿನ ಮಾತು ಬೇಕಾಗಿದ್ದದ್ದು ನನಗೊಬ್ಬಳಿಗೇ.

“ಯಾವ ಸಾಲು?” ಎಂದು ದೊಡ್ಡವ್ವ ಕೇಳಿದಳು. ಇನ್ನೊಂದು ತಪ್ಪು ಹೊರಬಿತ್ತು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದಿನ ಆ ದಪ್ಪ ಸಾಲನ್ನು ಓದುವುದು ಒರಟಾಗುತ್ತದೆಂದು “ಬೀಜಾ, ಅಗಿ ಎಲ್ಲಾ ಜ್ವಾಕಿಯಿಂದ ನೋಡ್ಕೊಳ್ರಿ ಅಂದಾರ” ಎಂದಷ್ಟೇ ಹೇಳಿದ್ದೆ. ಈಗ ಇದ್ದಂತೆ ಹೇಳಿದೆ. ಆಕೆ ಹಣೆ ಚಚ್ಚಿಕೊಂಡಳು. ಉದ್ದಪ್ಪ ನನ್ನ ಕಡೆ ನೋಡಲೂ ಇಲ್ಲ. ಆ ಆರು ಗಿಡ ಕಣ್ಣಾರೆ ನೋಡಬೇಕು, ರೋಗವಿಲ್ಲದಿದ್ದರೆ ಮಾತ್ರ ಪಟ್ಟಿ ತೆಗೆಯುತ್ತೇನೆ, ಈಗಲೇ ಹೊರಡೋಣ ಎಂದರು.

ಕಂಪನಿಯ ಜೀಪಿನಲ್ಲಿ ಉದ್ದಪ್ಪ ಮೊಳಕಾಲು ಗದ್ದಕ್ಕೆ ತಾಗಿಸಿಕೊಂಡು ಮುಂದೆ ಕೂತರು, ನಾನು ಮತ್ತು ದೊಡ್ಡವ್ವ ಹಿಂದೆ. ಆಕೆ ದಾರಿಯುದ್ದಕ್ಕೂ ಕಿಟಕಿಯ ಆಚೆಗೇ ನೋಡುತ್ತಿದ್ದಳು. ಮೋಟೆಬೆನ್ನೂರು ದಾಟಿದ ಮೇಲೆ ಮೆಣಸಿನಕಾಯಿಯ ಘಾಟು ಶುರುವಾಯಿತು. ಸುಗ್ಗಿಯ ಕಾಲ, ಬ್ಯಾಡಗಿಯ ಪೇಟೆಗೆ ಚೀಲ ಹೊತ್ತ ಲಾರಿಗಳ ಸಾಲು. ನಮಗೆ ಅದು ಗಾಳಿಯಷ್ಟೇ ಮಾಮೂಲು. ಉದ್ದಪ್ಪ ಮಾತ್ರ ಹನ್ನೆರಡು ಸಲ ಸೀನಿದರು. ಎಣಿಸಿದವಳು ದೊಡ್ಡವ್ವ.

ಮಗಳ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಗಂಡ ಮೆಣಸಿನಕಾಯಿ ದಲಾಲರ ಅಂಗಡಿಗೆ ಹೋಗಿದ್ದ. ಏಳು ತಿಂಗಳ ಬಸುರಿ ಹೆಣ್ಣುಮಗಳು ಬಾಗಿಲು ತೆರೆದು, ಅವ್ವನನ್ನೂ ಅವಳ ಹಿಂದಿನ ಎತ್ತರದ ಮನುಷ್ಯನನ್ನೂ ನೋಡಿ ಬೆಚ್ಚಿದಳು. ದೊಡ್ಡವ್ವ ಬಂದ ಕಾರಣವನ್ನು ಎರಡು ಮಾತಿನಲ್ಲಿ ಹೇಳಿದಳು. ಹಿತ್ತಲಿನಲ್ಲಿ ಆರು ಗಿಡಗಳು ಹಳೆ ಸೀರೆಯ ಚೂರುಗಳಿಂದ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಗೊಂಚಲು ಗೊಂಚಲು ಹಸಿರು ಕಾಯಿ, ಒಂದೆರಡು ಕೆಂಪಾಗುತ್ತಿದ್ದವು.

ಉದ್ದಪ್ಪ ನೆಲಕ್ಕೆ ಮೊಳಕಾಲೂರಿ ಮಸೂರ ಹಿಡಿದು ಒಂದೊಂದೇ ಎಲೆ ತಿರುವಿ ನೋಡಿದರು. ಎದ್ದು ಮಣ್ಣು ಕೊಡವಿಕೊಂಡರು. “ರೋಗವಿಲ್ಲ. ನಮ್ಮ ಗಾಜಿನಮನೆಗಳಲ್ಲಿ ಇದಕ್ಕಿಂತ ಕೆಟ್ಟದಾಗಿ ಬೆಳೆಸುವವರಿದ್ದಾರೆ. ಆದರೆ ಇವನ್ನು ಇವತ್ತೇ ಕೀಳಬೇಕು.”

ಸೇರಿಸಲಿಲ್ಲ, ತೆಗೆಯಲಿಲ್ಲ. “ಇವತ್ತ ಕಿತ್ತಬೇಕು ಅಂತಾರ,” ಎಂದೆ. ಮಗಳು ಗಿಡಗಳ ಮುಂದೆ ಬಂದು ನಿಂತಳು. ದೊಡ್ಡವ್ವ ಅವಳ ಮುಂದೆ ಬಂದು ನಿಂತಳು.

“ಉಡ್ಯಾಗ ಹಾಕಿದ್ದನ್ನ ತಿರುಗಿ ಕೇಳಂಗಿಲ್ಲ. ತಪ್ಪಾಗೇತಿ, ನನ್ನ ಹೆಸರ ತಗೀಲಿ, ನಾಳಿಂದ ಬೀಜಾ ಕೊಡೂದು ಬ್ಯಾಡ. ಇದನ್ನಷ್ಟ ಕೇಳಬ್ಯಾಡ ಅನ್ನು.”

ಆಕೆ ಏನು ಬಿಟ್ಟುಕೊಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಆದರೂ ಇದ್ದಂತೆಯೇ ಹೇಳಿದೆ. ಉದ್ದಪ್ಪ ಎರಡು ಸಲ ಸೀನಿದರು. ಆಮೇಲೆ ಮಗಳ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. “ನಿನಗೆ ಬೇಕಾದದ್ದು ಗಿಡವೋ, ಹಣ್ಣೋ?”

“ಹಣ್ಣ್ರಿ,” ಎಂದಳು ಅವಳು. “ಗಿಡಾ ತಗೊಂಡ ಏನ ಮಾಡ್ಲಿ? ಉಪ್ಪು ಖಾರಾ ಹಚಗೊಂಡು ತಿನ್ನಬೇಕ್ರಿ. ಎರಡು ತಿಂಗಳಾತು ಕಾಯಾಕತ್ತೇನಿ.”

ದೊಡ್ಡವ್ವ ಉದ್ದಪ್ಪನನ್ನು ದಿಟ್ಟಿಸಿದಳು. “ನಿನಗೇನ ಬೇಕಪಾ?”

“ಬೀಜ. ಒಂದು ಬೀಜವೂ ಈ ಹಿತ್ತಲಿನಿಂದ ಹೊರಗೆ ಹೋಗಬಾರದು.”

“ಹಂಗಾರ ಜಗಳಾ ಎಲ್ಲೈತಿ? ಆಕಿ ಹಣ್ಣ ತಿಂತಾಳ, ಬೀಜಾ ಹೊಟ್ಯಾಗ ಹೋಗತೈತಿ.”

ಇದನ್ನು ಕೇಳಿ ಉದ್ದಪ್ಪನ ಕಿವಿ ಕೆಂಪಾದವು. ಬಹಳ ಗಂಭೀರವಾಗಿ, ನೆಲ ನೋಡುತ್ತ, ಟೊಮ್ಯಾಟೊ ಬೀಜ ಹೊಟ್ಟೆಯಲ್ಲಿ ಸಾಯುವುದಿಲ್ಲ, ಹೊರಬಂದ ಜಾಗದಲ್ಲಿ ಮೊಳೆಯುತ್ತದೆ ಎಂದು ವಿವರಿಸಿದರು. ನನಗೆ ಬೇರೆ ದಾರಿಯಿರಲಿಲ್ಲ. “ಬೀಜಾ ನುಂಗಿದ್ರ, ಚರಗಿ ತಗೊಂಡು ಹೋದಲ್ಲಿ ಗಿಡಾ ಹುಟ್ಟತೈತಿ ಅಂತಾರ,” ಎಂದೆ. ಮಗಳು ಮುಖ ಸೆರಗಿನಲ್ಲಿ ಮುಚ್ಚಿಕೊಂಡಳು. ದೊಡ್ಡವ್ವ ಮೊದಲು ನನ್ನನ್ನು, ಆಮೇಲೆ ಆತನನ್ನು ನೋಡಿ, ಕೋಲು ಹಿಡಿದುಕೊಂಡು ನಗತೊಡಗಿದಳು. “ಹಾಲೆಂಡಿನ್ಯಾಗೂ ಹಂಗ ಹುಟ್ಟತಾವೇನ ಕೇಳು.” ಕೇಳಿದೆ. “ಹೌದು, ಚರಂಡಿ ನೀರು ಹರಿಯುವಲ್ಲೆಲ್ಲ,” ಎಂದು ಅವರು ನಗದೆ ಹೇಳಿದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

ನಗು ಮುಗಿದ ಮೇಲೆ ಚೌಕಾಶಿ ಶುರುವಾಯಿತು. ಬೇಯಿಸಿ ತಿನ್ನಲಿ, ಬೆಂದ ಬೀಜ ಮೊಳೆಯದು ಎಂದರು ಉದ್ದಪ್ಪ. ಬೆಂದದ್ದಕ್ಕೆ ಯಾರಾದರೂ ಬಯಕೆ ಪಡುತ್ತಾರೆಯೇ ಎಂದಳು ಮಗಳು. ಕೊನೆಗೆ ಗೊತ್ತಾದದ್ದು ಹೀಗೆ. ಹಣ್ಣನ್ನು ಹೆಚ್ಚಿ, ಬೀಜವನ್ನೆಲ್ಲ ಬಟ್ಟಲಿಗೆ ತೆಗೆದು ಕುದಿಯುವ ನೀರಿಗೆ ಹಾಕಬೇಕು, ತಿರುಳನ್ನು ಹಸಿಯಾಗಿಯೇ ತಿನ್ನಬಹುದು. ಗಿಡ ಅವಳದೇ, ಯಾರೂ ತಿರುಗಿ ಕೇಳುವುದಿಲ್ಲ. ಬಯಕೆ ತೀರಿದ ಮೇಲೆ ಅವಳೇ ಕಿತ್ತು ಒಲೆಗೆ ಹಾಕಬೇಕು. ಯಾರಿಗೂ ಕೊಡಕೂಡದು. ಇಲ್ಲಿ ಮಗಳಿಗೆ ಒಂದು ತೊಡಕಿತ್ತು. ಬಾಜೂಮನೆಯವಳಿಗೆ ಬೀಜ ಕೊಡುತ್ತೇನೆಂದು ಮಾತು ಕೊಟ್ಟಿದ್ದಳಂತೆ. ಬದಲಿಗೆ ಬೇರೆ ಏನಾದರೂ ಕಳಿಸಲೇ ಎಂದು ಉದ್ದಪ್ಪ ಕೇಳಿದರು.

“ಬ್ಯಾಡ್ರಿ. ಮಾತ ಕೊಟ್ಟಾಕಿ ನಾ, ಇಲ್ಲ ಅನ್ನಾಕೀನೂ ನಾನ,” ಎಂದಳು. ಅವ್ವನ ಮಗಳೇ ಸರಿ.

ಪ್ರತಿ ವಾರ ಬ್ಯಾಡಗಿಗೆ ಬಂದು ಹಣ್ಣು ಎಣಿಸಿ, ಬೀಜ ಕುದಿಯುವುದನ್ನು ನೋಡಿ ಬರೆದುಕೊಳ್ಳುವ ಕೆಲಸ ಯಾರದು ಎಂಬ ಪ್ರಶ್ನೆ ಬಂತು. ಉದ್ದಪ್ಪ ನನ್ನ ಕಡೆ ನೋಡಿದರು. ದೊಡ್ಡವ್ವನೂ ನನ್ನ ಕಡೆ ನೋಡಿದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ನಾಲ್ಕು ಗಂಟೆಗೆ ಐರಣಿಗೆ ಬಂದು ಕೆಂಪು ಪಟ್ಟಿಯನ್ನು ಉದ್ದಪ್ಪನೇ ಹರಿದರು. ಎರಡು ದಿನದ ಹೂವು ಹೋಗಿತ್ತು, ಅಷ್ಟೇ. ಹೆಣ್ಣುಮಕ್ಕಳು ಸಾಲಿಗಿಳಿದ ಐದು ನಿಮಿಷಕ್ಕೆ ಪೋಲಿ ಮಾತು ಮತ್ತೆ ಶುರುವಾಯಿತು, ಆ ದಿನ ಅದರಲ್ಲಿ ಹಾಲೆಂಡೂ ಇತ್ತು. ದೊಡ್ಡವ್ವನ ಹೆಸರಿನ ಗತಿಯೇನು ಎಂದು ಹೊರಡುವಾಗ ನಾನೇ ಕೇಳಿದೆ. “ನಿಯಮ ನಿಯಮವೇ. ಊರಿಗೆ ಹೋಗಿ ಯೋಚಿಸಬೇಕು,” ಎಂದರು. ಆಕೆಗೆ ಅದನ್ನೂ ಇದ್ದ ಹಾಗೆಯೇ ಹೇಳಿದೆ. ಆಕೆ ತಲೆಯಾಡಿಸಿ ಗಿಡಗಳ ಕಡೆ ಹೋದಳು.

ಆರು ವಾರ ನಾನು ಬ್ಯಾಡಗಿಯ ಬಸ್ಸು ಹತ್ತಿದೆ. ಮಗಳು ಉಪ್ಪು ಖಾರ ಹಚ್ಚಿದ ಹೋಳು ನನಗೂ ಕೊಡುತ್ತಿದ್ದಳು, ಹಲ್ಲು ಜುಮ್ಮೆನ್ನುವ ಹುಳಿ. ಕೊನೆಯ ವಾರ ಗಿಡಗಳನ್ನು ತಾನೇ ಕಿತ್ತು ಒಲೆಗಿಟ್ಟಳು. ದೊಡ್ಡವ್ವ ಮಾತ್ರ ಆ ಇಡೀ ಹಂಗಾಮಿನಲ್ಲಿ ಕೆಲಸದ ಮಾತು ಬಿಟ್ಟು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ನಾನು ಬೇರೆಯವರಿಂದ ಕೇಳಿದೆ. ಅಷ್ಟು ದುಃಖ ನನಗೆ ಆ ಕೆಲಸದಲ್ಲಿ ಹಿಂದೆ ಮುಂದೆ ಎಂದೂ ಆಗಿಲ್ಲ.

ಮಳೆಗಾಲ ಮುಗಿಯುವಾಗ ಹಾಲೆಂಡಿನ ಪೆಟ್ಟಿಗೆ ಬಂತು. ಬೀಜದ ಪಾಕೀಟುಗಳು, ಹೊಸ ಒಪ್ಪಂದ, ಬೆಳೆಗಾರರ ಪಟ್ಟಿ. ಪಟ್ಟಿಯಲ್ಲಿ ಹನ್ನೊಂದು ಹೆಸರು, ಮೊದಲನೆಯದು ದೊಡ್ಡವ್ವನದು. ಎಲ್ಲರನ್ನೂ ಕಚೇರಿಗೆ ಕರೆಸಿ, ಮಾಲಕರ ಮೇಜಿನ ಎದುರು ನಾನು ಒಪ್ಪಂದವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿದೆ. ದಪ್ಪ ಅಕ್ಷರದ ಸಾಲನ್ನು ಎರಡು ಸಲ ಓದಿದೆ. ಅದರ ಕೆಳಗೆ ಈ ಸಲ ಹೊಸದೊಂದು ಕಲಮು ಇತ್ತು. “ಬೆಳೆಗಾರರ ಮನೆಯ ಬಸುರಿ ಹೆಣ್ಣುಮಗಳು ಈ ತಳಿಗಳ ಹಣ್ಣನ್ನು ಬಯಸಿದಲ್ಲಿ, ಸಸಿ ಕೊಡದೆ, ಆಕೆಯನ್ನು ಹೊಲಕ್ಕೆ ಕರೆತಂದು ತೃಪ್ತಿಯಾಗುವಷ್ಟು ತಿನ್ನಿಸತಕ್ಕದ್ದು. ಬೀಜವನ್ನು ಬೇರ್ಪಡಿಸಿ ಕುದಿಸತಕ್ಕದ್ದು. ಇದಕ್ಕೆ ಕಂಪನಿಯ ತಕರಾರು ಇರುವುದಿಲ್ಲ.”

ಎಲ್ಲರೂ ನಕ್ಕರು. ದೊಡ್ಡವ್ವ ನಗಲಿಲ್ಲ. ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದಳು, ನನ್ನನ್ನು ನೋಡಿದಳು.

“ಇದು ಅಂವಾ ಬರದದ್ದೊ, ನೀ ಸೇರಿಸಿದ್ದೊ?”

“ಅವ್ರ ಬರದದ್ದು, ದೊಡ್ಡವ್ವಾ.”

ಆಕೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಆಚೆ ಮಾಲಕರ ಮುಂದೆ ಇಟ್ಟಳು. “ನೀವೂ ಒಮ್ಮೆ ಓದ್ರಿ.” ಮಾಲಕರು ನನ್ನ ಮುಖ ನೋಡಿದರು. ಓದಿರಿ ಎಂದು ತಲೆಯಾಡಿಸಿದೆ. ಅವರು ಕನ್ನಡಕ ಏರಿಸಿ, ಇಂಗ್ಲಿಷಿನಿಂದ ತಾವೇ ಕನ್ನಡಕ್ಕೆ ತರುತ್ತ ನಿಧಾನವಾಗಿ ಓದಿದರು. ಎಲ್ಲರ ಎದುರಿಗೆ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು, ಆಕೆ ಕೇಳಿದ್ದು ನ್ಯಾಯವೇ ಎಂದೂ ಅನ್ನಿಸಿತು. ಬಸುರಿ, ಹಣ್ಣು, ಕುದಿಸುವುದು, ತಕರಾರಿಲ್ಲ, ಎಲ್ಲ ನಾನು ಓದಿದ ಹಾಗೆಯೇ ಬಂತು.

ದೊಡ್ಡವ್ವ ಕಾಗದ ತೆಗೆದುಕೊಂಡು ತಿರುಗಿ ಬಂದು ನನ್ನ ಪಕ್ಕದ ಬಾಕಿನ ಮೇಲೆ ಕೂತಳು. ಶಾಯಿಯ ಡಬ್ಬಿ ಹತ್ತಿರ ಎಳೆದುಕೊಂಡಳು.

“ಹೆಬ್ಬಟ್ಟ ಎಲ್ಲಿ ಒತ್ತಲಿ, ನೀನ ತೋರ್ಸು,” ಎಂದಳು.